ಒಂದೇ ಗುಂಡಿನ ಪ್ರಮಾಣಪತ್ರ

ಅಮೆರಿಕದ ಪೊಲೀಸ್ ಇಲಾಖೆಗಳು ಬಳಸಿ ಬಿಟ್ಟ, ಸೇನೆಯ ದಾಸ್ತಾನಿನಲ್ಲಿ ಮಿಕ್ಕು ಹರಾಜಿಗೆ ಬಂದ, ಇಲ್ಲವೇ ಖಾತರಿಯ ಅವಧಿ ಮುಗಿದು ಮೂಲೆ ಸೇರಿದ ಗುಂಡುನಿರೋಧಕ ಕವಚಗಳು, ಅಂದರೆ ಜನ ಬುಲೆಟ್ ಪ್ರೂಫ್ ಜಾಕೆಟ್ ಎಂದು ಕರೆಯುವ ಉಡುಪುಗಳು, ಹೊಸದರ ಬೆಲೆಯ ಅಲ್ಪಾಂಶಕ್ಕೆ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವುಗಳನ್ನು ಕೊಳ್ಳುವವರ ನಡುವೆ ಒಂದು ನಂಬಿಕೆ ಬೇರೂರಿದೆ: ಕವಚದ ಬಾಳಿಕೆಗೆ ಐದು ವರ್ಷವೆಂದು ಗಡುವು ಹಾಕುವುದು ಹೊಸ ಮಾಲು ಮಾರಲು ತಯಾರಕರು ಹೂಡಿದ ಹೂಟ, ಕವಚ ಇನ್ನೂ ಗಟ್ಟಿಯಾಗಿದೆಯೇ ಎಂಬುದನ್ನು ಅದರ ಮೇಲೆ ಗುಂಡು ಹಾರಿಸಿಯೇ ತಿಳಿಯಬಹುದು, ಗುಂಡು ಒಳಗೇ ನಿಂತರೆ ಕವಚಕ್ಕೆ ಇನ್ನೂ ಆಯುಸ್ಸು ಇದೆ. ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಕಷ್ಟವಾದ್ದರಿಂದಲೂ, ಪ್ರಯೋಗವೆಂಬ ಮಾತಿಗೆ ಸಹಜವಾಗಿಯೇ ಒಂದು ಗೌರವವಿರುವುದರಿಂದಲೂ ಈ ನಂಬಿಕೆಯನ್ನು ಪ್ರಶ್ನಿಸುವವರು ಕಡಿಮೆ. ಆದರೆ ಇಂಥ ಪರೀಕ್ಷೆಯು ಬಾಳಿಕೆಯನ್ನು ಅಳೆಯುವುದೇ ಇಲ್ಲವೆಂಬುದನ್ನೂ, ಅದು ಕೊಡುವ ಧೈರ್ಯವು ಪರೀಕ್ಷೆಯೇ ಮಾಡದಿರುವುದಕ್ಕಿಂತ ಹೆಚ್ಚು ಅಪಾಯಕರವೆಂಬುದನ್ನೂ ತೋರಿಸಲು ಸಾಕಷ್ಟು ಆಧಾರಗಳಿವೆ.

ಪೂರ್ವಪಕ್ಷವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿಯೇ ಎದುರಿಸುವುದು ನ್ಯಾಯ. ಡುಪಾಂಟ್ ಸಂಸ್ಥೆಯ ರಸಾಯನವಿಜ್ಞಾನಿ ಸ್ಟೆಫನಿ ಕ್ವೊಲೆಕ್ 1965ರಲ್ಲಿ ನಡೆಸಿದ ಸಂಶೋಧನೆಯಿಂದ ಹುಟ್ಟಿದ ಕೆವ್ಲಾರ್ ಎಂಬ ನಾರು, ಅರಾಮಿಡ್ ಎನ್ನಲಾಗುವ ಕೃತಕ ನಾರುಗಳ ಗುಂಪಿಗೆ ಸೇರಿದ್ದು, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಹಲವು ಪಟ್ಟು ಬಲವುಳ್ಳದ್ದು. 1970ರ ದಶಕದಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಅಂಗವು, ಅಂದರೆ ಇಂದು ಎನ್‌ಐಜೆ ಎಂಬ ಹೆಸರಿನಿಂದ ಪರಿಚಿತವಾದ ಸಂಸ್ಥೆಯು, ಲೆಸ್ಟರ್ ಶೂಬಿನ್ ಅವರ ಒತ್ತಾಸೆಯಿಂದ ಈ ನಾರನ್ನು ಪೊಲೀಸರ ಉಡುಪಿಗೆ ತಂದಿತು. ಮುಂದಿನ ದಶಕದಲ್ಲಿ, ಹಲವು ವರ್ಷ ತೊಟ್ಟ ಕೆವ್ಲಾರ್ ಕವಚಗಳನ್ನು ಪರೀಕ್ಷಿಸಿದಾಗ, ವಯಸ್ಸಾದ ಮಾತ್ರಕ್ಕೆ ಕವಚ ಕೆಡುವುದಿಲ್ಲವೆಂಬ ಫಲಿತಾಂಶವೇ ಬಂದಿತು. ಐದು ವರ್ಷವೆಂಬ ಅವಧಿಯೂ ರಸಾಯನಶಾಸ್ತ್ರದ ನಿಯಮವೇನಲ್ಲ. ತಯಾರಕರು ತಮ್ಮ ಹೊಣೆಗಾರಿಕೆಗೆ ಹಾಕಿಕೊಂಡ ಗಡಿ ಅದು. ಐದು ವರ್ಷ ತುಂಬಿದ ಮರುದಿನ ನಾರು ಪುಡಿಯಾಗುತ್ತದೆಂದು ನಂಬುವವನೂ, ಗುಂಡು ಹಾರಿಸಿ ಆಯುಸ್ಸು ಅಳೆಯುವವನೂ ಒಂದೇ ಬಗೆಯ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಾರೆನ್ನಬಹುದು. ಇಷ್ಟನ್ನೂ ಒಪ್ಪಿದ ಮೇಲೆಯೂ ಪೂರ್ವಪಕ್ಷದ ನಿರ್ಣಯ ನಿಲ್ಲುವುದಿಲ್ಲ, ಏಕೆಂದರೆ ಕೆಲವು ಹಳೆಯ ಕವಚಗಳು ಚೆನ್ನಾಗಿ ಉಳಿದಿವೆಯೆಂಬುದು ಒಂದು ಸಂಗತಿ. ಕೈಯಲ್ಲಿರುವ ಈ ಕವಚ ಅವುಗಳಲ್ಲಿ ಒಂದೆಂದು ಒಂದು ಗುಂಡಿನಿಂದ ತಿಳಿಯುತ್ತದೆಂಬುದು ಬೇರೆಯೇ ಸಂಗತಿ.

ಮೊದಲು ಗುಂಡು ನಿಲ್ಲುವುದೆಂದರೆ ಏನೆಂಬುದನ್ನು ನೋಡಬೇಕು. ಮೆದು ಕವಚದೊಳಗೆ ನೇಯ್ದ ಬಟ್ಟೆಯ ಅನೇಕ ಪದರಗಳಿರುತ್ತವೆ. ಗುಂಡು ತಾಗಿದ ಕ್ಷಣದಲ್ಲಿ ಅಲ್ಲಿನ ಎಳೆಗಳು ಹಿಗ್ಗಿ, ಆ ಹಿಗ್ಗು ಎಳೆಯುದ್ದಕ್ಕೂ ಅಲೆಯಾಗಿ ಹರಿದು, ಗುಂಡಿನ ಶಕ್ತಿಯನ್ನು ಅಗಲವಾದ ಜಾಗಕ್ಕೆ ಹಂಚುತ್ತವೆ. ಗುಂಡು ಚಪ್ಪಟೆಯಾಗಿ ಅಣಬೆಯಾಕಾರ ತಾಳಿ ಪದರಗಳ ನಡುವೆ ಸಿಕ್ಕಿಬೀಳುತ್ತದೆ. ಹವ್ಯಾಸಿ ಪರೀಕ್ಷಕರು ಕವಚದ ಹೊದಿಕೆಯನ್ನು ಕತ್ತರಿಸಿ, ಪದರಗಳನ್ನು ಒಂದೊಂದಾಗಿ ಎತ್ತುತ್ತಾ, ಎಷ್ಟನೆಯ ಪದರದಲ್ಲಿ ಗುಂಡು ಕೂತಿದೆಯೆಂದು ಎಣಿಸಿ, ಹಿಂದೆ ಇನ್ನೂ ಹತ್ತಾರು ಪದರಗಳು ಹರಿಯದೆ ಉಳಿದಿರುವುದನ್ನು ಬೆರಳಿಟ್ಟು ತೋರಿಸುವುದು ಗುಂಡು ನಿಂತ ಜಾಗವೇ ಅವರಿಗೆ ಸಾಕ್ಷಿಯಾದ್ದರಿಂದ. ಆದರೆ ಕವಚಕ್ಕೆ ನಿಜವಾದ ಅಳತೆ ಗುಂಡು ನಿಂತಿತೇ ಎಂಬುದಲ್ಲ, ಎಷ್ಟು ವೇಗದವರೆಗೆ ನಿಲ್ಲುತ್ತಿತ್ತು ಎಂಬುದು. ಶಸ್ತ್ರವಿಜ್ಞಾನದಲ್ಲಿ ಇದಕ್ಕೆ ವಿ-50 ಎಂಬ ಪ್ರಮಾಣವಿದೆ: ಹಾರಿಸಿದ ಗುಂಡುಗಳಲ್ಲಿ ಅರ್ಧದಷ್ಟು ಕವಚವನ್ನು ತೂರುವ, ಅರ್ಧದಷ್ಟು ನಿಲ್ಲುವ ವೇಗ. ಆ ವೇಗದ ಆಚೆ ಈಚೆ ಸೆಕೆಂಡಿಗೆ ಹತ್ತಾರು ಮೀಟರುಗಳ ಅಂತರದಲ್ಲಿ ಫಲಿತಾಂಶ ಹೀಗೂ ಆಗಬಹುದು, ಹಾಗೂ ಆಗಬಹುದು.

ಅಮೆರಿಕ ಸೇನೆಯ ನೇಟಿಕ್ ಸಂಶೋಧನಾ ಕೇಂದ್ರದ ಫಿಲಿಪ್ ಕನಿಫ್ 1999ರಲ್ಲಿ ಮಂಡಿಸಿದ ಸೂತ್ರವೊಂದು ಈ ಚರ್ಚೆಗೆ ತುಂಬ ಉಪಯುಕ್ತ. ನಾರಿನ ಕರ್ಷಣ ಬಲ, ಹರಿಯುವ ಮುನ್ನ ಅದು ಹಿಗ್ಗುವ ಪ್ರಮಾಣ, ಸಾಂದ್ರತೆ ಮತ್ತು ಅದರಲ್ಲಿ ಅಲೆ ಹರಿಯುವ ವೇಗ ಇವುಗಳಿಂದ ಕವಚದ ತಡೆಯುವ ವೇಗವನ್ನು ಅಂದಾಜು ಮಾಡಬಹುದು, ಮತ್ತು ಆ ವೇಗವು ಇವುಗಳಿಂದ ಲೆಕ್ಕಹಾಕಿದ ಒಂದು ಪ್ರಮಾಣದ ಘನಮೂಲದಂತೆ ಬದಲಾಗುತ್ತದೆ. ಘನಮೂಲವೆಂಬುದೇ ಇಲ್ಲಿ ಮುಖ್ಯ, ಏಕೆಂದರೆ ನಾರು ಬಹಳ ಕೆಟ್ಟರೂ ತಡೆಯುವ ವೇಗ ಸ್ವಲ್ಪವೇ ಇಳಿಯುತ್ತದೆ. ಹೊಸದಾಗಿದ್ದಾಗ 600 ಮೀಟರ್ ವಿ-50 ಇದ್ದ ಕವಚವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಇಲ್ಲಿ ಹೇಳುವ ವೇಗಗಳೆಲ್ಲ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಲೆಕ್ಕದವು. ಅದರ ನಾರಿನ ಬಲವೂ ಹಿಗ್ಗುವ ಶಕ್ತಿಯೂ ಶೇ 30ರಷ್ಟು ಕುಗ್ಗಿದರೆ ವಿ-50 ಸುಮಾರು 473ಕ್ಕೆ ಇಳಿಯುತ್ತದೆ. ಸಾಮಾನ್ಯ ಪಿಸ್ತೂಲಿನಿಂದ ಹೊರಡುವ 9 ಮಿಲಿಮೀಟರ್ ಗುಂಡಿನ ವೇಗ ಹೆಚ್ಚೂಕಡಿಮೆ 350ರಿಂದ 360. ಅದನ್ನು ಹೊಸ ಕವಚವೂ ತಡೆಯುತ್ತದೆ, ಶೇ 30ರಷ್ಟು ಬಲ ಕಳೆದುಕೊಂಡ ಕವಚವೂ ತಡೆಯುತ್ತದೆ, ಮತ್ತು ನೋಡುಗನಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಎನ್‌ಐಜೆಯ 2000ದ ಇಸವಿಯ ಮಾನದಂಡದಲ್ಲಿ ಮೆದು ಕವಚಗಳ ಪೈಕಿ ಮೇಲ್ದರ್ಜೆಯಾದ 3-ಎ ವರ್ಗಕ್ಕೆ ಸೇರುವ ಕವಚವು 8 ಗ್ರಾಂ ತೂಕದ 9 ಮಿಲಿಮೀಟರ್ ಗುಂಡನ್ನು 436 ಮೀಟರ್ ವೇಗದಲ್ಲಿ ತಡೆಯಬೇಕಿತ್ತು. ಆ ವೇಗಕ್ಕೂ ಕವಚದ ವಿ-50ಕ್ಕೂ ಇದ್ದ ಅಂತರ 164ರಿಂದ 37ಕ್ಕೆ ಕುಸಿದಿದೆಯೆಂಬ ಸಂಗತಿ ಹಿತ್ತಲಿನ ಪರೀಕ್ಷೆಗೆ ಗೋಚರಿಸುವುದೇ ಇಲ್ಲ. ಹವ್ಯಾಸಿಯ ಗುಂಡು ಮಾನದಂಡದ ಗುಂಡಿನ ಚಲನಶಕ್ತಿಯ ಮೂರರಲ್ಲಿ ಎರಡು ಪಾಲನ್ನಷ್ಟೇ ಹೊತ್ತಿರುತ್ತದೆ; ವೇಗಮಾಪಕವನ್ನು ಇಟ್ಟುಕೊಳ್ಳದವನಿಗೆ ಅದೂ ತಿಳಿಯದು. ಬಾಳಿಕೆಯೆಂದರೆ ಉಳಿದಿರುವ ಮೀಸಲು ಬಲ. ಈ ಪರೀಕ್ಷೆ ಮೀಸಲನ್ನು ಮುಟ್ಟುವುದೇ ಇಲ್ಲ.

ಪೂರ್ವಪಕ್ಷದ ಎರಡನೆಯ ಆಧಾರ ಇದಕ್ಕಿಂತ ಆಳವಾದದ್ದು, ಮತ್ತು ಅದಕ್ಕೆ ನಮ್ಮ ತರ್ಕಪರಂಪರೆಯಲ್ಲಿ ಸ್ಥಾಲೀಪುಲಾಕನ್ಯಾಯವೆಂಬ ಹೆಸರಿದೆ: ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಈ ನ್ಯಾಯ ಸಲ್ಲುವುದು ಎಲ್ಲ ಅಗುಳುಗಳೂ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ ಬೆಂದಿರುವುದರಿಂದ. ಹೆಚ್ಚುವರಿ ಮಾಲಿನ ಗಂಟಿನಲ್ಲಿ ಬರುವ ಹತ್ತು ಕವಚಗಳಿಗೆ ಅಂಥ ಸಮಾನ ಚರಿತ್ರೆ ಇರುವುದಿಲ್ಲ. ಒಂದನ್ನು ಗಸ್ತಿನ ಪೊಲೀಸನೊಬ್ಬ ಬೇಸಿಗೆಯ ಬೆವರಿನಲ್ಲಿ ವರ್ಷಗಟ್ಟಲೆ ತೊಟ್ಟಿರುತ್ತಾನೆ. ಇನ್ನೊಂದು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಕಾದಿರುತ್ತದೆ. ಮತ್ತೊಂದು ಉಗ್ರಾಣದ ಕಪಾಟಿನಿಂದ ಹೊರಗೇ ಬಂದಿರುವುದಿಲ್ಲ. ಅರಾಮಿಡ್ ನಾರಿಗೆ ಸೂರ್ಯನ ಅತಿನೇರಳೆ ಕಿರಣ ಶತ್ರು, ಕ್ಲೋರಿನ್ ಬ್ಲೀಚ್ ಶತ್ರು. ನೀರು ಹೀರಿದ ಬಟ್ಟೆಯಲ್ಲಿ ಎಳೆಗಳ ನಡುವಿನ ಘರ್ಷಣೆ ಕಡಿಮೆಯಾಗಿ ಒಣಗುವವರೆಗೆ ತಡೆಯುವ ಶಕ್ತಿ ತಗ್ಗುತ್ತದೆ. ಡೈನೀಮಾ, ಸ್ಪೆಕ್ಟ್ರಾ ಮೊದಲಾದ ಹೆಸರುಗಳಲ್ಲಿ ಬರುವ ಪಾಲಿಎಥಿಲೀನ್ ನಾರಿಗೆ ನೀರಿನ ಅಂಜಿಕೆಯಿಲ್ಲ, ಬಿಸಿಯ ಅಂಜಿಕೆ ಇದೆ. ಆದ್ದರಿಂದಲೇ ಒಳಗಿನ ಫಲಕಕ್ಕೆ ನೀರು ಬೆಳಕು ಒಳಹೋಗದಂತೆ ಮುಚ್ಚಿದ ಹೊದಿಕೆ ಇರುತ್ತದೆ. ಅಂಚಿನ ಹೊಲಿಗೆ ಬಿಟ್ಟಿದ್ದರೆ, ಹೊಟ್ಟೆಯ ಬಳಿ ಬೆಲ್ಟು ಒತ್ತುವಲ್ಲಿ ಹೊದಿಕೆ ಮಡಿಕೆ ಬಿದ್ದು ಸೀಳಿದ್ದರೆ, ಒಳಗಿನ ನಾರು ಏನನ್ನು ಅನುಭವಿಸಿದೆಯೆಂದು ಮಾರಾಟಗಾರನಿಗೂ ಗೊತ್ತಿರುವುದಿಲ್ಲ. ಇಂಥ ಗಂಟಿನಿಂದ ಒಂದನ್ನು ಎತ್ತಿ ಗುಂಡಿಟ್ಟು ನೋಡಿದರೆ ತಿಳಿಯುವುದು ಆ ಒಂದರ ಸ್ಥಿತಿ, ಅದೂ ಆ ಜಾಗದಲ್ಲಿ. ಮತ್ತು ಆ ಒಂದು ಕವಚ ಇನ್ನು ತೊಡಲು ಬರುವುದಿಲ್ಲ. ಪರೀಕ್ಷಿಸಿದ್ದನ್ನು ತೊಡುವಂತಿಲ್ಲ, ತೊಡುವುದನ್ನು ಪರೀಕ್ಷಿಸಿಲ್ಲ ಎಂಬ ಇಕ್ಕಟ್ಟು ಈ ವಿಧಾನದ ಹುಟ್ಟುದೋಷ.

ಇದು ಬರಿಯ ತರ್ಕದ ಮಾತೆಂದು ಯಾರಾದರೂ ಹೇಳುವುದಾದರೆ ಜೈಲಾನ್ ಪ್ರಕರಣವನ್ನು ನೆನಪಿಸಬೇಕಾಗುತ್ತದೆ. ಜಪಾನಿನ ತೊಯೊಬೊ ಕಂಪನಿ ತಯಾರಿಸಿದ ಜೈಲಾನ್, ಪಿಬಿಒ ಎಂಬ ಸಂಕ್ಷಿಪ್ತನಾಮದ ರಾಸಾಯನಿಕದ ನಾರು, ಕೆವ್ಲಾರ್‌ಗಿಂತ ಬಲವಾದದ್ದು. 1990ರ ದಶಕದ ಕೊನೆಯಲ್ಲಿ ಅದರಿಂದ ತೆಳುವಾದ, ಹಗುರವಾದ ಕವಚಗಳು ಬಂದವು. ಹೊಸದಾಗಿದ್ದಾಗ ಅವು ಮಾನದಂಡದ ಪರೀಕ್ಷೆಯನ್ನು ದಾಟಿಯೇ ಮಾರುಕಟ್ಟೆಗೆ ಬಂದಿದ್ದವು. 2003ರ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್ ಎಂಬ ಊರಿನ ಪೊಲೀಸ್ ಅಧಿಕಾರಿಯೊಬ್ಬರು ತೊಟ್ಟಿದ್ದ, ಕೊಂಡು ಒಂದು ವರ್ಷವೂ ತುಂಬದ ಜೈಲಾನ್ ಕವಚವನ್ನು ಗುಂಡು ತೂರಿ ಅವರು ಗಾಯಗೊಂಡರು. ಅದು ತಡೆಯಬೇಕಾಗಿದ್ದ ಬಗೆಯ ಗುಂಡೇ ಆಗಿತ್ತು. ನ್ಯಾಯ ಇಲಾಖೆ ಅದೇ ವರ್ಷದ ನವೆಂಬರ್‌ನಲ್ಲಿ ತನಿಖೆಯನ್ನು ಘೋಷಿಸಿತು. ತೇವಾಂಶವು ಪಿಬಿಒ ಅಣುವಿನ ಉಂಗುರಾಕಾರದ ಬಂಧವನ್ನು ಬಿಡಿಸುತ್ತದೆಂಬುದೂ, ನಾರು ತೆಗೆಯುವಾಗ ಬಳಸಿದ ಫಾಸ್ಫಾರಿಕ್ ಆಮ್ಲದ ಶೇಷ ಈ ಕ್ರಿಯೆಗೆ ನೆರವಾಗುತ್ತದೆಂಬುದೂ ಸಂಶೋಧಕರ ವಿವರಣೆ. ಇಂಥ ಶಿಥಿಲತೆ ಕಣ್ಣಿಗೆ ಕಾಣುವ ಗುರುತನ್ನು ಬಿಡಲೇಬೇಕೆಂದಿಲ್ಲ.

2005ರ ಆಗಸ್ಟ್‌ನಲ್ಲಿ ಪ್ರಕಟವಾದ ಎನ್‌ಐಜೆ ವರದಿಯ ಅಂಕಿಗಳನ್ನು ಹಿತ್ತಲಿನ ಪರೀಕ್ಷಕರು ಒಮ್ಮೆ ನಿಧಾನವಾಗಿ ಓದಬೇಕು. ಪೊಲೀಸರು ಬಳಸಿದ 103 ಜೈಲಾನ್ ಕವಚಗಳಿಗೆ ತಲಾ ಆರು ಗುಂಡಿನ ಪರೀಕ್ಷೆ ನಡೆಯಿತು. 60 ಕವಚಗಳನ್ನು ಕನಿಷ್ಠ ಒಂದು ಗುಂಡು ತೂರಿತು. ಉಳಿದ 43ರಲ್ಲಿ ಒಂದು ಗುಂಡೂ ತೂರಲಿಲ್ಲ, ಆದರೆ ಅವುಗಳಲ್ಲಿ ಶೇ 91ರಷ್ಟು ಕವಚಗಳು ಹಿಂಬದಿಯ ಉಬ್ಬಿನ ಮಿತಿಯನ್ನು ಮೀರಿದವು. ಎಲ್ಲ ಅಂಶಗಳಲ್ಲಿಯೂ ತೇರ್ಗಡೆಯಾದವು ನಾಲ್ಕೇ ನಾಲ್ಕು. ಪೂರ್ವಪಕ್ಷದವರ ಕೈಗೆ ಆ 43 ಕವಚಗಳಲ್ಲಿ ಯಾವುದು ಸಿಕ್ಕಿದ್ದರೂ, ಅವರು ಒಂದಲ್ಲ, ಆರು ಗುಂಡು ಹಾರಿಸಿದ್ದರೂ, ಗಟ್ಟಿಮಾಲೆಂಬ ತೀರ್ಪನ್ನೇ ಕೊಟ್ಟಿರುತ್ತಿದ್ದರು; ತೂರಿಸಿಕೊಂಡ 60ರಲ್ಲಿಯೂ ಹಲವು ಮೊದಲ ಗುಂಡನ್ನು ತಡೆದು ಅದೇ ಹೊಗಳಿಕೆ ಪಡೆದಿರಬಹುದು. ಎನ್‌ಐಜೆ ಆ ವರ್ಷವೇ ಜೈಲಾನ್ ಕವಚಗಳ ಮಾನ್ಯತೆಯನ್ನು ತೆಗೆದುಹಾಕಿತು. 2018ರಲ್ಲಿ ತೊಯೊಬೊ ಅಮೆರಿಕ ಸರ್ಕಾರದೊಂದಿಗೆ 6.6 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಮಾನ್ಯತೆ ಹೋದರೂ ಕವಚಗಳು ಲೋಕದಿಂದ ಮಾಯವಾಗುವುದಿಲ್ಲ. ಹಳೆಯ ಮಾಲನ್ನು ಅಗ್ಗಕ್ಕೆ ಕೊಳ್ಳುವವನು ಒಳಗಿನ ಪಟ್ಟಿಯಲ್ಲಿ ನಾರಿನ ಹೆಸರನ್ನು ಓದದಿದ್ದರೆ ಇವೇ ಅವನ ಪಾಲಿಗೆ ಬರಬಹುದು.

ಹಿಂಬದಿಯ ಉಬ್ಬೆಂಬುದನ್ನು ವಿವರಿಸಬೇಕು, ಏಕೆಂದರೆ ಪೂರ್ವಪಕ್ಷದಲ್ಲಿ ಅದರ ಗಣನೆಯೇ ಇಲ್ಲ. ನಿಂತ ಗುಂಡು ಕೂಡ ಕವಚವನ್ನು ದೇಹದೊಳಕ್ಕೆ ತಳ್ಳುತ್ತದೆ. ಪಕ್ಕೆಲುಬು ಮುರಿಯುವುದು, ಯಕೃತ್ತು ಹೃದಯಗಳಿಗೆ ಪೆಟ್ಟಾಗುವುದು ಇದರಿಂದ. 1970ರ ದಶಕದಲ್ಲಿ ಆಡುಗಳ ಮೇಲೆ ನಡೆದ ಪ್ರಯೋಗಗಳ ಆಧಾರದಿಂದ ಈ ತಳ್ಳುವಿಕೆಯ ಮಿತಿಯನ್ನು 44 ಮಿಲಿಮೀಟರ್ ಎಂದು ನಿಗದಿಪಡಿಸಲಾಯಿತು. ಕವಚದ ಹಿಂದೆ ವಿಶೇಷವಾದ ಎಣ್ಣೆಜೇಡಿಯ ಗಟ್ಟಿಯನ್ನು ಇಟ್ಟು ಅದರಲ್ಲಿ ಬಿದ್ದ ಗುಳಿಯನ್ನು ಅಳೆಯುವುದು ರೂಢಿ. ಆ ಜೇಡಿಯನ್ನು ಬಿಸಿಮಾಡಿ ಹದಕ್ಕೆ ತಂದು, ಸುಮಾರು ಒಂದು ಕಿಲೋ ತೂಕದ ಉಕ್ಕಿನ ಗುಂಡನ್ನು ಎರಡು ಮೀಟರ್ ಎತ್ತರದಿಂದ ಬೀಳಿಸಿದಾಗ ಆಗುವ ಗುಳಿ ಸರಾಸರಿ 19 ಮಿಲಿಮೀಟರ್ ಇರುವುದನ್ನು, ಎರಡು ಮಿಲಿಮೀಟರ್ ಆಚೀಚೆಗಿಂತ ಹೆಚ್ಚು ಬಿಟ್ಟುಕೊಡದೆ, ಖಚಿತಪಡಿಸಿಕೊಂಡ ಮೇಲೆಯೇ ಪರೀಕ್ಷೆ ಶುರುವಾಗುತ್ತದೆ. ನೀರಿನ ಡಬ್ಬಿಗೋ ಕಲ್ಲಂಗಡಿಗೋ ಮರದ ಹಲಗೆಗೋ ಕವಚವನ್ನು ಕಟ್ಟಿ ಹೊಡೆಯುವವರಿಗೆ ಈ ಅಳತೆ ಸಾಧ್ಯವೇ ಇಲ್ಲ. ಕಲ್ಲಂಗಡಿ ಒಡೆದದ್ದು ನೋಡಲು ಚೆನ್ನಾಗಿರುತ್ತದೆ, ಅದರಿಂದ ತಿಳಿಯುವುದೇನೂ ಇಲ್ಲ.

ಗಡಸು ಫಲಕಗಳ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಮೋಸದ್ದು. ರೈಫಲ್ ಗುಂಡನ್ನು ತಡೆಯಲು ಕವಚದ ಮುಂದೆ ತುರುಕುವ ಈ ಫಲಕಗಳಲ್ಲಿ ಬೋರಾನ್ ಕಾರ್ಬೈಡ್‌ನಂಥ ಸಿರಾಮಿಕ್ ಮುಂಭಾಗ ಗುಂಡನ್ನು ಒಡೆಯುತ್ತದೆ, ಹಿಂಭಾಗದ ನಾರಿನ ಪದರ ಚೂರುಗಳನ್ನು ಹಿಡಿಯುತ್ತದೆ. ಕೈತಪ್ಪಿ ಸಿಮೆಂಟಿನ ನೆಲದ ಮೇಲೆ ಬಿದ್ದ ಫಲಕದೊಳಗೆ ಬಿರುಕು ಮೂಡಿದ್ದರೂ ಹೊರಗಿನ ಬಟ್ಟೆ ನಯವಾಗಿಯೇ ಇರುತ್ತದೆ; ಆದ್ದರಿಂದ ಅಮೆರಿಕ ಸೇನೆ ತನ್ನ ಫಲಕಗಳನ್ನು ಎಕ್ಸ್‌ರೇ ಯಂತ್ರದಲ್ಲಿ ನೋಡುವ ವ್ಯವಸ್ಥೆ ಮಾಡಿಕೊಂಡಿತು. ಬಿರುಕಿಲ್ಲದ ಕಡೆ ಗುಂಡು ತಾಗಿದರೆ ಫಲಕ ಗೆಲ್ಲುತ್ತದೆ, ಬಿರುಕಿನ ಮೇಲೆ ತಾಗಿದರೆ ಸೋಲಬಹುದು. ಇನ್ನು 1980ರ ದಶಕದ ಅಮೆರಿಕ ಸೇನೆಯ ಪ್ಯಾಸ್ಗಟ್ ಉಡುಪು, ಹಳೆಯ ಮಾಲಿನ ಅಂಗಡಿಗಳಲ್ಲಿ ಅತಿ ಅಗ್ಗಕ್ಕೆ ದೊರೆಯುವಂಥದ್ದು, ಬಾಂಬು ಶೆಲ್ಲುಗಳ ಚೂರುಗಳಿಗೆಂದು ಮಾಡಿದ್ದು. ಪಿಸ್ತೂಲಿನ ಗುಂಡಿಗೆ ಅದಕ್ಕೆ ಯಾವ ದರ್ಜೆಯೂ ಇಲ್ಲ. ಅದು ಒಮ್ಮೆ ಪಿಸ್ತೂಲಿನ ಗುಂಡನ್ನು ತಡೆಯಿತೆಂದು ಮೆರೆಸುವುದು ತಡೆಯಬೇಕೆಂದು ಯಾರೂ ವಾಗ್ದಾನ ಮಾಡದಿದ್ದದ್ದನ್ನು ವಾಗ್ದಾನವೆಂದು ತಿಳಿದಂತೆ.

ಹಾಗಾದರೆ ಹೆಚ್ಚು ಗುಂಡು ಹಾರಿಸಿದರಾಯಿತಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಎಷ್ಟು ಹೆಚ್ಚು ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಖಚಿತ ಉತ್ತರವಿದೆ. ನೂರರಲ್ಲಿ ತೊಂಬತ್ತು ಸಲವಾದರೂ ಈ ಬಗೆಯ ಕವಚ ತಡೆಯುತ್ತದೆಂದು ಶೇ 90ರಷ್ಟು ಭರವಸೆಯಿಂದ ಹೇಳಬೇಕಾದರೆ, ಒಂದೂ ಸೋಲಿಲ್ಲದೆ 22 ಪರೀಕ್ಷೆಗಳು ಗೆಲ್ಲಬೇಕು. ನೂರರಲ್ಲಿ ತೊಂಬತ್ತೊಂಬತ್ತು ಎನ್ನಬೇಕಾದರೆ 230. ಒಂದೇ ಗುಂಡು ನಿಂತಾಗ ಅದೇ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಈ ಕವಚ ಹತ್ತರಲ್ಲಿ ಒಂದು ಸಲವಾದರೂ ತಡೆಯುತ್ತದೆ. ಈ ಲೆಕ್ಕವೂ ಎಲ್ಲ ಕವಚಗಳೂ ಒಂದೇ ತಯಾರಿಕೆಯ, ಒಂದೇ ಚರಿತ್ರೆಯ ಮಾಲಾಗಿದ್ದರೆ ಮಾತ್ರ ಸಲ್ಲುತ್ತದೆ. ಅಗ್ಗವೆಂಬ ಕಾರಣಕ್ಕೆ ಒಂದು ಕವಚ ಕೊಂಡವನು ಅದರ ಯೋಗ್ಯತೆ ಅರಿಯಲು ಅದೇ ಗುಂಪಿನ ಇಪ್ಪತ್ತೆರಡನ್ನು ಹಾಳುಮಾಡಬೇಕಾಗುವುದಾದರೆ ಅಗ್ಗದ ಮಾತೇ ಉಳಿಯುವುದಿಲ್ಲ.

ಜೈಲಾನ್ ಪ್ರಕರಣದ ಬಳಿಕ ಎನ್‌ಐಜೆ ಬಾಳಿಕೆಯ ಪ್ರಶ್ನೆಯನ್ನು ಬೇರೆ ದಾರಿಯಲ್ಲಿ ಹಿಡಿಯಿತು. 2008ರ ಮಾನದಂಡದಲ್ಲಿ ಮೆದು ಕವಚದ ಫಲಕಗಳನ್ನು 65 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 80ರಷ್ಟು ತೇವಾಂಶವಿರುವ ತಿರುಗುವ ಪೀಪಾಯಿಯೊಳಗೆ ಹತ್ತು ದಿನ, ಸುಮಾರು 72,000 ಸುತ್ತು ಉರುಳಿಸಿ, ಮಡಿಕೆ ಬೀಳಿಸಿ, ಆಮೇಲೆ ಗುಂಡಿನ ಪರೀಕ್ಷೆಗೆ ಒಡ್ಡುವ ಕ್ರಮ ಸೇರಿತು. ಗಡಸು ಫಲಕಗಳಿಗೆ ಶಾಖದ ಏರಿಳಿತ ಮತ್ತು ಎತ್ತರದಿಂದ ಬೀಳಿಸುವ ಪರೀಕ್ಷೆ ಬಂದಿತು. ಇಷ್ಟೆಲ್ಲ ಮಾಡಿಯೂ, ಈ ಹತ್ತು ದಿನ ಇಂತಿಷ್ಟು ವರ್ಷಗಳ ಬಳಕೆಗೆ ಸಮವೆಂದು ಆ ಸಂಸ್ಥೆ ಹೇಳಿಕೊಳ್ಳಲಿಲ್ಲ. ಪ್ರಯೋಗಶಾಲೆ ಹೇಳಲು ಹಿಂಜರಿದದ್ದನ್ನು ಒಂದು ಸಂಜೆಯ ಗುಂಡಿನ ಸದ್ದು ಹೇಳಿಬಿಡುತ್ತದೆಂಬ ಆತ್ಮವಿಶ್ವಾಸಕ್ಕೆ ಸಮರ್ಥನೆ ಎಲ್ಲಿಂದ ಬರಬೇಕು? ಭಾರತದಲ್ಲಿಯೂ 2008ರ ಮುಂಬಯಿ ದಾಳಿಯ ನಂತರ ಪೊಲೀಸರ ಕವಚಗಳ ಗುಣಮಟ್ಟ ದೊಡ್ಡ ಚರ್ಚೆಯಾಯಿತು. ಭಾರತೀಯ ಮಾನಕ ಬ್ಯೂರೋ ತನ್ನದೇ ಮಾನದಂಡವಾದ ಐಎಸ್ 17051 ಅನ್ನು ತಂದದ್ದು 2018ರಲ್ಲಿ.

ಕೊನೆಯದಾಗಿ ಪೂರ್ವಪಕ್ಷದವರು ಮಾನವೀಯತೆಯ ನೆಲೆಗೆ ಸರಿಯುತ್ತಾರೆ: ಏನೂ ಇಲ್ಲದ್ದಕ್ಕಿಂತ ಹಳೆಯ ಕವಚವೇ ಲೇಸಲ್ಲವೇ? 2022ರಲ್ಲಿ ಅಮೆರಿಕದ ಹಲವು ರಾಜ್ಯಗಳ ಪೊಲೀಸ್ ಇಲಾಖೆಗಳು ಖಾತರಿ ಮುಗಿದ ಕವಚಗಳನ್ನು ಉಕ್ರೇನಿಗೆ ಕಳುಹಿಸಿದ್ದನ್ನು ಅವರು ಉದಾಹರಿಸುತ್ತಾರೆ. ಬರಿಮೈಯಲ್ಲಿ ಶೆಲ್ ದಾಳಿಗೆ ಸಿಕ್ಕವನಿಗೆ ಹಳೆಯ ಕೆವ್ಲಾರ್ ಕೂಡ ಉಪಕಾರವೇ ಹೌದು, ಅದನ್ನು ನಿರಾಕರಿಸುವುದು ನಿರ್ದಯತೆ. ಆದರೆ ಅದು ಆಪತ್ಕಾಲದ ನಿರ್ಧಾರ; ಕವಚಕ್ಕೆ ಹೊಸದರ ಬಲವಿದೆಯೆಂದು ಆ ನಿರ್ಧಾರದಿಂದ ಸಿದ್ಧವಾಗುವುದಿಲ್ಲ. ಶಾಂತಿಕಾಲದಲ್ಲಿ, ಆಯ್ಕೆಗೆ ಸಮಯವಿರುವಾಗ, ಖಾಸಗಿ ಕಾವಲುಗಾರನಿಗೋ ಸಂಘರ್ಷದ ಪ್ರದೇಶಕ್ಕೆ ಹೊರಟ ವರದಿಗಾರನಿಗೋ ಪರೀಕ್ಷೆ ಮಾಡಿದ್ದೇವೆಂದು ಹೇಳಿ ಅದನ್ನು ತೊಡಿಸುವುದು ಬೇರೆ, ಏಕೆಂದರೆ ಕವಚದ ಮೇಲಿನ ನಂಬಿಕೆ ತೊಟ್ಟವನ ನಡೆಯನ್ನು ಬದಲಿಸುತ್ತದೆ. ಮರೆ ಹುಡುಕಬೇಕಾದವನು ನಿಂತುಕೊಳ್ಳುತ್ತಾನೆ. ಅಪಾಯ ಇರುವುದು ಹಳೆಯ ನಾರಿನಲ್ಲಿ ಅಷ್ಟಲ್ಲ, ಅದಕ್ಕೆ ಅಂಟಿಸಿದ ಸುಳ್ಳು ಭರವಸೆಯಲ್ಲಿ.

ಅಗ್ಗದ ಕವಚವನ್ನು ಕೊಳ್ಳಲೇಬೇಕಾದವರು ಗುಂಡು ಹಾರಿಸುವ ಮೊದಲು ಒಳಗಿನ ಫಲಕವನ್ನು ಹೊರತೆಗೆದು ಅದರ ಪಟ್ಟಿಯನ್ನು ಓದಬೇಕು: ತಯಾರಾದ ದಿನಾಂಕ, ದರ್ಜೆ, ಮಾದರಿ, ಕ್ರಮಸಂಖ್ಯೆ, ನಾರಿನ ಹೆಸರು. ಪಟ್ಟಿ ಹರಿದಿದ್ದರೆ, ನಾರಿನ ಹೆಸರು ಜೈಲಾನ್ ಅಥವಾ ಪಿಬಿಒ ಆಗಿದ್ದರೆ, ಹೊದಿಕೆಯ ಅಂಚು ಬಿಟ್ಟು ನೀರು ಕುಡಿದ ಕಲೆಯಿದ್ದರೆ, ಅಥವಾ ಅದನ್ನು ಈವರೆಗೆ ಯಾರು, ಎಲ್ಲಿ, ಹೇಗೆ ಬಳಸಿದರೆಂದು ಮಾರುವವನು ಹೇಳಲಾರನಾದರೆ, ಆ ಕವಚವನ್ನು ಕವಾಯತಿನಲ್ಲಿ ತೂಕ ಹೊರುವ ಅಭ್ಯಾಸಕ್ಕೆ ಬಳಸಬಹುದು, ಜೀವಕ್ಕೆ ಅಡ್ಡ ಹಿಡಿಯಬಾರದು.